ಬಳ್ಳಾರಿ–ಕೊಪ್ಪಳದಿಂದ ಬೆಂಗಳೂರಿನ ಗ್ಯಾಲರಿ ನಡಿಗೆ: ಒಂದು ಶನಿವಾರದ ತಯಾರಿ

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ಬೆಂಗಳೂರಿನ ದೊಡ್ಡ ಕಲಾ ಸಂಗ್ರಹಾಲಯಗಳಿಗೆ ಸೋಮವಾರ ರಜೆ. ಖಾಸಗಿ ಗ್ಯಾಲರಿಗಳಲ್ಲಿ ಬಹಳಷ್ಟು ಭಾನುವಾರ ಬಾಗಿಲು ಹಾಕಿರುತ್ತವೆ. ಎರಡೂ ತೆರೆದಿರುವ, ನೌಕರಿ ಮಾಡುವವರಿಗೂ ಒದಗುವ ದಿನ ಶನಿವಾರ. ಹುಬ್ಬಳ್ಳಿಯಿಂದ ಹೊರಡುವ ಹಂಪಿ ಎಕ್ಸ್‌ಪ್ರೆಸ್ (16591) ಕೊಪ್ಪಳ, ಹೊಸಪೇಟೆ, ಬಳ್ಳಾರಿ ಹಾದು ಬೆಳಗಿನ ಹೊತ್ತಿಗೆ ಬೆಂಗಳೂರು ಮುಟ್ಟುತ್ತದೆ. ಶುಕ್ರವಾರ ರಾತ್ರಿ ಹತ್ತಿ, ಶನಿವಾರ ರಾತ್ರಿ ಅದರ ಜೋಡಿ ಗಾಡಿಯಲ್ಲಿ (16592) ಮರಳಿದರೆ ಲಾಡ್ಜ್ ಖರ್ಚು ಉಳಿಯಿತು. ರಾಯಚೂರಿನವರಿಗೆ ಈ ಗಾಡಿ ಸಿಗುವುದಿಲ್ಲ. ಗುಂತಕಲ್ ಮೇಲೆ ಹೋಗುವ ಬೇರೆ ಗಾಡಿಗಳ ವೇಳೆ ನೋಡಿಕೊಳ್ಳಬೇಕು.

ಎರಡನೆಯದು ಲೆಕ್ಕ. ಒಂದು ದಿನಕ್ಕೆ ಮೂರು ಗ್ಯಾಲರಿ ಸಾಕು. "ಇಷ್ಟು ದೂರ ಬಂದೀವಿ, ಎಲ್ಲಾ ನೋಡಿಬಿಡೋಣ" ಎಂದು ಆರು ಏಳು ಬರೆದುಕೊಂಡು ಹೊರಟ ಗುಂಪು ಮಧ್ಯಾಹ್ನದ ಹೊತ್ತಿಗೆ ಬೆಂಚು ಹುಡುಕುತ್ತಿರುತ್ತದೆ. ಕಲ್ಲಿನ ನೆಲದ ಮೇಲೆ ನಿಧಾನ ನಡೆದು, ನಿಂತು, ಮತ್ತೆ ನಡೆಯುವುದು ಸಲೀಸಾಗಿ ಎರಡು ಮೈಲಿ ನಡೆಯುವುದಕ್ಕಿಂತ ಕಾಲಿಗೆ ಹೆಚ್ಚು ಭಾರ. ಕಣ್ಣೂ ಅಷ್ಟೇ: ಮುಕ್ಕಾಲು ಗಂಟೆ ದಾಟಿದ ಮೇಲೆ ಹೆಚ್ಚಿನವರು ಚಿತ್ರ ಬಿಟ್ಟು ಚಿತ್ರದ ಕೆಳಗಿನ ಚೀಟಿ ಓದಲು ಶುರು ಮಾಡುತ್ತಾರೆ. ಒಂದು ಗ್ಯಾಲರಿಗೆ 45ರಿಂದ 60 ನಿಮಿಷ ಇಡಿ. ಅದರಲ್ಲಿ ಮಾರ್ಗದರ್ಶಕರು ನಾಲ್ಕೈದು ಕೃತಿಗಳ ಮುಂದೆ ಮಾತ್ರ ನಿಂತು ಮಾತಾಡಲಿ. ಉಳಿದದ್ದನ್ನು ಅವರವರು ತಮ್ಮ ಪಾಡಿಗೆ ನೋಡಿಕೊಳ್ಳಲಿ.

ಯಾವ ಮಾರ್ಗ

ನಡಿಗೆಗೆ ಒಗ್ಗುವ ಮಾರ್ಗಗಳು ಎರಡಿವೆ. ಎರಡನ್ನೂ ಒಂದೇ ದಿನ ಮಾಡಬೇಡಿ.

ಕಸ್ತೂರಬಾ ರಸ್ತೆಯ ಮಾರ್ಗ ಮೊದಲ ಸಲ ಹೋಗುವವರಿಗೆ ಒಳ್ಳೆಯದು. ರೈಲು ನಿಲ್ದಾಣದ ಪಕ್ಕದಲ್ಲೇ ನೇರಳೆ ಮಾರ್ಗದ ಮೆಟ್ರೋ ಇದೆ. ಮೆಜೆಸ್ಟಿಕ್, ಸರ್ ಎಂ. ವಿಶ್ವೇಶ್ವರಯ್ಯ, ವಿಧಾನಸೌಧ, ಆಮೇಲೆ ಕಬ್ಬನ್ ಪಾರ್ಕ್: ಅಲ್ಲಿ ಇಳಿಯಿರಿ. ಅಲ್ಲಿಂದ ಕಸ್ತೂರಬಾ ರಸ್ತೆಗೆ ನಡೆದೇ ಹೋಗಬಹುದು, ನೆರಳಿದೆ. ಮೊದಲ ನಿಲುಗಡೆ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ. ಎಲ್ಲರೂ 'ಮ್ಯಾಪ್' ಎನ್ನುತ್ತಾರೆ. 2023ರ ಫೆಬ್ರುವರಿಯಲ್ಲಿ ತೆರೆದ ಐದು ಮಹಡಿಯ ಕಟ್ಟಡ, ಹೊರಗೆಲ್ಲ ಉಕ್ಕಿನ ಹಲಗೆ ಹೊದಿಸಿ ನೀರಿನ ಟಾಂಕಿಯ ಹಾಗೆ ಕಾಣುವಂತೆ ಕಟ್ಟಿದ್ದಾರೆ. ಬಳ್ಳಾರಿಯವರಿಗೆ ಉಕ್ಕು ಹೊಸದಲ್ಲ. ಆದರೂ ಒಳಗೆ ಹೋಗುವ ಮೊದಲು ರಸ್ತೆಯ ಆಚೆ ಬದಿಯಲ್ಲಿ ಐದು ನಿಮಿಷ ನಿಂತು ಕಟ್ಟಡವನ್ನೇ ನೋಡಿ. ಒಳಗೆ ಪ್ರದರ್ಶನಗಳು ಬದಲಾಗುತ್ತಿರುತ್ತವೆ. ಲಿಫ್ಟ್‌ನಲ್ಲಿ ಮೇಲಿನ ಮಹಡಿಗೆ ಹೋಗಿ ಇಳಿಯುತ್ತಾ ಬರುವುದು ಜಾಣತನ, ದಣಿವು ಕಡಿಮೆ.

ಅದೇ ರಸ್ತೆಯಲ್ಲಿ ವೆಂಕಟಪ್ಪ ಆರ್ಟ್ ಗ್ಯಾಲರಿ. ಮೈಸೂರು ಅರಮನೆಯ ಕಲಾವಿದ ಕೆ. ವೆಂಕಟಪ್ಪನವರ (1886–1965) ಹೆಸರಿನ ಸರ್ಕಾರಿ ಗ್ಯಾಲರಿ ಇದು. ಅವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಬಳಿ ಕಲಿತವರು. ಊಟಿ, ಕೊಡೈಕೆನಾಲ್‌ಗಳ ಮಂಜು, ಬೆಟ್ಟಗಳನ್ನು ಜಲವರ್ಣದಲ್ಲಿ ಹಿಡಿದ ಪುಟ್ಟ ಚಿತ್ರಗಳು ಅವರ ಹೆಸರನ್ನು ಉಳಿಸಿವೆ. ಕೆ.ಕೆ. ಹೆಬ್ಬಾರರ ಕೃತಿಗಳ ಸಂಗ್ರಹವೂ ಈ ಗ್ಯಾಲರಿಯದೇ. ಸುಮಾರು ಹತ್ತು ವರ್ಷದ ಹಿಂದೆ ಇದನ್ನು ಖಾಸಗಿ ಪ್ರತಿಷ್ಠಾನದ ಸಹಭಾಗಿತ್ವಕ್ಕೆ ಕೊಡುವ ಮಾತು ಎದ್ದಾಗ ಕಲಾವಿದರು ಬೀದಿಗಿಳಿದು ವಿರೋಧಿಸಿದ್ದರು. ಹಣವಿರುವ ಹೊಸ ಕಟ್ಟಡದಿಂದ ನೇರ ಈ ಹಳೆಯ ಸರ್ಕಾರಿ ಕಟ್ಟಡಕ್ಕೆ ಬಂದಾಗ ಆ ಜಗಳ ಯಾಕೆ ಆಯಿತೆಂದು ಮಾರ್ಗದರ್ಶಕರನ್ನು ಕೇಳಿ. ಗ್ಯಾಲರಿ ಎಂದರೆ ಯಾರದು ಎಂಬ ಚರ್ಚೆ ಅಲ್ಲೇ ಶುರುವಾಗುತ್ತದೆ. ಇಲ್ಲಿ ದುರಸ್ತಿ ಕೆಲಸ ನಡೆಯುವುದುಂಟು. ತೆರೆದಿದೆಯೇ ಎಂದು ಹೊರಡುವ ಮುಂಚೆ ಕೇಳಿಕೊಳ್ಳಿ.

ಮೂರನೆಯದಕ್ಕೆ ಯುಬಿ ಸಿಟಿ ಎಂಬ ಮಳಿಗೆ ಸಂಕೀರ್ಣದಲ್ಲಿರುವ ಖಾಸಗಿ ಗ್ಯಾಲರಿ ನೋಡಬಹುದು, ನಡಿಗೆಯ ದೂರ. ಅಥವಾ ಆಟೋ ಹಿಡಿದು ಶಾಂತಿನಗರದ '1 ಶಾಂತಿರೋಡ್'ಗೆ ಹೋಗಿ. ವಿಳಾಸವೇ ಹೆಸರಾಗಿರುವ ಈ ಜಾಗ ಕಲಾವಿದರು ಬಂದು ಉಳಿದು ಕೆಲಸ ಮಾಡುವ ಸ್ಟುಡಿಯೋ. ಹೋದರೆ ಚಿತ್ರದ ಜೊತೆ ಕಲಾವಿದರೂ ಸಿಕ್ಕಾರು. ಅಂಗಡಿಯ ಹಾಗೆ ದಿನವೂ ತೆರೆದಿರುವ ಜಾಗವಲ್ಲ, ಪ್ರದರ್ಶನ ಇದ್ದಾಗ ಮಾತ್ರ ಹೋಗುವುದು ಒಳ್ಳೆಯದು.

ಎರಡನೆಯ ಮಾರ್ಗ ಅರಮನೆ ರಸ್ತೆ–ಕುಮಾರಕೃಪಾ ರಸ್ತೆ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ, 2009ರಿಂದ. ರವಿವರ್ಮ, ಜಾಮಿನಿ ರಾಯ್, ಅಮೃತಾ ಶೇರ್‌ಗಿಲ್ ಅವರಿಂದ ಈಚಿನವರ ತನಕ ಒಂದು ಸಾಲು ಇಲ್ಲಿ ಸಿಗುತ್ತದೆ. ಸಮಕಾಲೀನ ಕಲೆ ಎಲ್ಲಿಂದ ತಿರುಗಿ ಬಂತು ಎಂಬುದು ಗೊತ್ತಾಗಲು ಈ ಮೆಟ್ಟಿಲು ಬೇಕು. ಅಲ್ಲಿಂದ ಸುಮಾರು ಅರ್ಧ ಗಂಟೆ ನಡೆದರೆ ಕರ್ನಾಟಕ ಚಿತ್ರಕಲಾ ಪರಿಷತ್ತು. ಪರಿಷತ್ತಿನಲ್ಲಿ ಎರಡು ಬಗೆಯ ಕೋಣೆಗಳಿವೆ, ಗುಂಪಿಗೆ ಇದನ್ನು ಮೊದಲೇ ಹೇಳಿ: ಒಂದು ಶಾಶ್ವತ ಸಂಗ್ರಹ, ಇನ್ನೊಂದು ಕಲಾವಿದರು ಬಾಡಿಗೆಗೆ ಹಿಡಿದು ಕೆಲವೇ ದಿನ ತಮ್ಮ ಚಿತ್ರ ಹಾಕುವ ಕೋಣೆ. ಬಾಡಿಗೆ ಕೋಣೆಯಲ್ಲಿ ಅದ್ಭುತವೂ ಸಿಗಬಹುದು, ಹೋಟೆಲ್ ಗೋಡೆಗೆ ಮಾಡಿದಂಥದ್ದೂ ಸಿಗಬಹುದು. ಎರಡನ್ನೂ ಒಂದೇ ತೂಕದಲ್ಲಿ ನೋಡಬೇಕೆಂದೇನಿಲ್ಲ.

ನಮ್ಮ ಕಡೆಯವರು ಪರಿಷತ್ತಿನಲ್ಲಿ ತೊಗಲುಗೊಂಬೆಗಳ ವಿಭಾಗದಿಂದ ಶುರು ಮಾಡುವುದು ಲೇಸು. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಬಳ್ಳಾರಿಯ ಬೆಳಗಲ್ಲು ವೀರಣ್ಣನವರ ಆಟ ಕಂಡವರು ಊರೂರಲ್ಲಿದ್ದಾರೆ. ಪರದೆಯ ಹಿಂದೆ ದೀಪವಿಟ್ಟು ನೋಡಿ ಗೊತ್ತಿರುವ ಗೊಂಬೆಯನ್ನು ಗಾಜಿನ ಹಿಂದೆ, ಅಲ್ಲಾಡದ ಹಾಗೆ ನಿಲ್ಲಿಸಿದಾಗ ಏನು ಬದಲಾಯಿತು? ಈ ಪ್ರಶ್ನೆ ಹಿಡಿದುಕೊಂಡು ಮುಂದಿನ ಕೋಣೆಯ ಇನ್‌ಸ್ಟಲೇಷನ್ (ಕೋಣೆಯ ಜಾಗವನ್ನೇ ಬಳಸಿ ಜೋಡಿಸಿದ ಕೃತಿ) ಮುಂದೆ ನಿಂತರೆ, "ಇದೆಂಥಾ ಕಲೆ" ಎಂಬ ಮಾತು ಅಷ್ಟು ಬೇಗ ಬಾಯಿಗೆ ಬರುವುದಿಲ್ಲ. ಅಲ್ಲೂ ಬೆಳಕು, ಜಾಗ, ನೋಡುವವನು ನಿಂತ ಕಡೆ ಇವೇ ಸಾಮಗ್ರಿ.

ಮಾರ್ಗದರ್ಶಕರು

ಮೂರು ಬಗೆಯವರು ಸಿಗುತ್ತಾರೆ. ಸಂಗ್ರಹಾಲಯದವರೇ ಒದಗಿಸುವವರು ಅಗ್ಗ, ಕೆಲವು ಸಲ ಟಿಕೆಟ್‌ನಲ್ಲೇ ಸೇರಿರುತ್ತದೆ. ಆದರೆ ತಮ್ಮ ಕಟ್ಟಡದ ಹೊರಗೆ ಬರುವುದಿಲ್ಲ. ಸ್ವತಂತ್ರವಾಗಿ ನಡಿಗೆ ನಡೆಸುವವರು ದಾರಿಯುದ್ದಕ್ಕೂ ಜೊತೆಗಿರುತ್ತಾರೆ, ಗುಂಪಿಗಿಷ್ಟು ಅಥವಾ ತಲೆಗಿಷ್ಟು ಎಂದು ಶುಲ್ಕ. ಮೂರನೆಯವರು ಪರಿಚಯದ ಕಲಾವಿದರು ಅಥವಾ ಡ್ರಾಯಿಂಗ್ ಮೇಷ್ಟ್ರು. ಬಣ್ಣ, ಕುಂಚ, ಕ್ಯಾನ್ವಾಸ್ ವಿಷಯದಲ್ಲಿ ಇವರನ್ನು ಮೀರಿಸುವವರಿಲ್ಲ. ತಮಗೆ ಸೇರದ ಕಲಾವಿದರ ಮುಂದೆ ಮಾತ್ರ ಹೆಜ್ಜೆ ಜೋರಾಗುತ್ತದೆ, ಅದನ್ನು ಗಮನಿಸಿ.

ಯಾರೇ ಆಗಲಿ, ಹತ್ತು ಹದಿನೈದು ದಿನ ಮುಂಚೆ ಗೊತ್ತು ಮಾಡಿ. ಗುಂಪು ಹನ್ನೆರಡು ಜನರ ಒಳಗಿರಲಿ. ಹೆಚ್ಚಾದರೆ ಹಿಂದಿನವರಿಗೆ ಮಾತು ಕೇಳುವುದಿಲ್ಲ, ಗ್ಯಾಲರಿಯಲ್ಲಿ ದನಿ ಏರಿಸುವಂತಿಲ್ಲ. ಇಪ್ಪತ್ತು ಜನರಿದ್ದರೆ ಎರಡು ತಂಡ ಮಾಡಿ, ಒಂದು ಮೇಲಿನಿಂದ ಕೆಳಗೆ, ಇನ್ನೊಂದು ಕೆಳಗಿನಿಂದ ಮೇಲೆ. ಬರೆದು ಕಳಿಸುವಾಗ ಹೀಗೆ ನೇರವಾಗಿರಲಿ:

"ನಮಸ್ಕಾರ. ಬಳ್ಳಾರಿಯಿಂದ ಹನ್ನೊಂದು ಜನ ಶನಿವಾರ ಬರುತ್ತಿದ್ದೇವೆ, ಇಬ್ಬರು ಹಿರಿಯರು, ಇಬ್ಬರು ಹೈಸ್ಕೂಲ್ ಮಕ್ಕಳು. ಕನ್ನಡದಲ್ಲಿ ವಿವರಿಸಬೇಕು. ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ಮಧ್ಯಾಹ್ನ ಒಂದರವರೆಗೆ ಸಮಯವಿದೆ. ಆ ದಿನ ಯಾವ ಪ್ರದರ್ಶನ ಇರುತ್ತದೆ? ನೀವು ಅದನ್ನು ನೋಡಿದ್ದೀರಾ? ಶುಲ್ಕದಲ್ಲಿ ಟಿಕೆಟ್ ಸೇರಿದೆಯೇ? ನಡುವೆ ಕೂರುವ ಜಾಗ ಎಲ್ಲಿದೆ?"

ಕನ್ನಡ ಎಂಬುದನ್ನು ಬಿಟ್ಟು ಬರೆದರೆ ವಿವರಣೆ ಇಂಗ್ಲಿಷ್‌ನಲ್ಲಿ ಬರುವ ಸಂಭವ ಹೆಚ್ಚು. "ನೀವು ನೋಡಿದ್ದೀರಾ" ಎಂಬ ಪ್ರಶ್ನೆ ಮುಖ್ಯ: ನೋಡದವರು ಗೋಡೆಯ ಮೇಲೆ ಬರೆದದ್ದನ್ನೇ ಓದಿ ಹೇಳುತ್ತಾರೆ, ಅದನ್ನು ನೀವೇ ಓದಬಹುದು.

ಒಳಗೆ ಹೋದ ಮೇಲೆ

ದೊಡ್ಡ ಚೀಲ, ನೀರಿನ ಬಾಟಲಿ, ಬುತ್ತಿ ಬಾಗಿಲಲ್ಲೇ ಬಿಡಬೇಕು. ಬೆನ್ನಿನ ಚೀಲ ಚಿಕ್ಕದಿದ್ದರೂ ಮುಂದಕ್ಕೆ ಹಾಕಿಕೊಳ್ಳಿ. ತಿರುಗಿದಾಗ ಕೃತಿಗೆ ತಗಲುವುದು ಕೈಯಲ್ಲ, ಬೆನ್ನ ಹಿಂದಿನ ಚೀಲ. ಟಿಪ್ಪಣಿಗೆ ಸೀಸದ ಕಡ್ಡಿ ಒಯ್ಯಿರಿ, ಪೆನ್ನಿಗೆ ಹಲವು ಕಡೆ ಅನುಮತಿ ಇಲ್ಲ. ಶಾಯಿ ಚಿಮ್ಮಿದರೆ ತೆಗೆಯಲಾಗದು. ಮುಟ್ಟಬಾರದೆಂಬುದು ಬರೀ ಶಿಸ್ತಿನ ಮಾತಲ್ಲ: ಬೆರಳಿನ ಎಣ್ಣೆ, ಬೆವರಿನ ಉಪ್ಪು ಲೋಹದ ಮೇಲೆ ಕೂತರೆ ಆ ಜಾಗ ದಿನ ಕಳೆದಂತೆ ಕಪ್ಪಾಗುತ್ತದೆ, ಕಾಗದದ ಮೇಲೆ ಕೂತರೆ ಹಳದಿ ಕಲೆ ಏಳುತ್ತದೆ.

ಕೆಲವು ಕೋಣೆ ಮಬ್ಬಾಗಿರುತ್ತವೆ. ಕರೆಂಟಿನ ತೊಂದರೆಯಲ್ಲ. ಕಾಗದ, ಬಟ್ಟೆ, ಹಳೆಯ ಫೋಟೋಗಳ ಬಣ್ಣ ಬೆಳಕಿಗೆ ಮಾಸುತ್ತದೆ, ಅದಕ್ಕೆ ಸಾಮಾನ್ಯವಾಗಿ 50 ಲಕ್ಸ್ (ಬೆಳಕಿನ ಅಳತೆ) ಆಸುಪಾಸಿನ ಮಂದ ಬೆಳಕು ಇಡುತ್ತಾರೆ. ಒಳಗೆ ಹೋಗಿ ಒಂದೆರಡು ನಿಮಿಷ ಸುಮ್ಮನೆ ನಿಂತರೆ ಕಣ್ಣು ಹೊಂದಿಕೊಳ್ಳುತ್ತದೆ.

ಚಿತ್ರದ ಮುಂದೆ ಮೊದಲು ದೂರ ನಿಲ್ಲಿ, ಚಿತ್ರದ ಕರ್ಣದ ಒಂದೂವರೆ ಪಟ್ಟು ದೂರ ಎಂದಿಟ್ಟುಕೊಳ್ಳಿ. ಆಮೇಲೆ ತೋಳಿನಷ್ಟು ಹತ್ತಿರ. ಮತ್ತೆ ಹಿಂದೆ. ಚೀಟಿಯನ್ನು ಕೊನೆಗೆ ಓದಿ. ಚೀಟಿಯಲ್ಲಿ ಹೆಸರು, ವರ್ಷ, ಮಾಧ್ಯಮ (ಯಾವುದರಿಂದ ಮಾಡಿದ್ದು), ಅಳತೆ ಇರುತ್ತವೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಅಚ್ಚೊತ್ತಿ ತೆಗೆದ ಚಿತ್ರದ ಅಂಚಿನಲ್ಲಿ 3/10 ಎಂದಿದ್ದರೆ ಹತ್ತು ಪ್ರತಿಗಳಲ್ಲಿ ಇದು ಮೂರನೆಯದು. ಮಾಧ್ಯಮದ ಸಾಲನ್ನು ಹಾರಿಸಬೇಡಿ. ಹುಣಸೆ ಬೀಜದ ಅಂಟು, ಗೋಣಿನಾರು, ಹಗುರ ಮರದಿಂದ ಕಿನ್ನಾಳದ ಗೊಂಬೆ ಎದ್ದು ಬರುವುದನ್ನು ಬಲ್ಲವರಿಗೆ "ಮಿಶ್ರ ಮಾಧ್ಯಮ" ಎಂಬುದು ಹೆದರುವ ಮಾತೇ ಅಲ್ಲ. ಏನೇನು ಮಿಶ್ರ, ಯಾವುದು ಯಾವುದನ್ನು ಹಿಡಿದಿದೆ ಎಂದು ಕೇಳಿ. ಕತ್ತೆತ್ತಿ ನೋಡುವ ಅಭ್ಯಾಸ ಬೇಕಿದ್ದರೆ ಹೊರಡುವ ಹಿಂದಿನ ವಾರ ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಚಾವಣಿ ಚಿತ್ರಗಳನ್ನು ಅರ್ಧ ಗಂಟೆ ನೋಡಿ ಬನ್ನಿ. ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆಯಲ್ಲಿ ಯಾರು ಎಲ್ಲಿದ್ದಾರೆ ಎಂದು ಸಾಲಾಗಿ ಗುರುತಿಸಿದರೆ ಸಾಕು.

ವಿಡಿಯೊ ಕೃತಿ ಬಂದಾಗ ಜನ ನಡುವೆ ಹೊಕ್ಕು ಅರ್ಧ ನಿಮಿಷಕ್ಕೆ ಎದ್ದುಬಿಡುತ್ತಾರೆ. ಚೀಟಿಯಲ್ಲಿ ಅವಧಿ ಇರುತ್ತದೆ. ಎಂಟು ನಿಮಿಷದ್ದಾದರೆ ಕೂತು ಒಂದು ಸುತ್ತು ಪೂರ್ತಿ ನೋಡಿ, ನಲವತ್ತು ನಿಮಿಷದ್ದಾದರೆ ಮಾರ್ಗದರ್ಶಕರನ್ನು ಕೇಳಿ ಬಿಟ್ಟುಬಿಡಿ.

ಎಲ್ಲಿ ಕೆಡುತ್ತದೆ

ಎಲ್ಲಕ್ಕಿಂತ ಹೆಚ್ಚು ಕೆಡುವುದು ಪ್ರದರ್ಶನಗಳ ನಡುವಿನ ಬಿಡುವಿನಿಂದ. ಒಂದು ಇಳಿಸಿ ಇನ್ನೊಂದು ಏರಿಸಲು ಗ್ಯಾಲರಿ ಕೆಲವು ದಿನ ಮುಚ್ಚಿರುತ್ತದೆ, ಅಂತರ್ಜಾಲದಲ್ಲಿ ಮಾತ್ರ "ತೆರೆದಿದೆ" ಎಂದೇ ಇರುತ್ತದೆ. ಗುರುವಾರ ಫೋನ್ ಮಾಡಿ ಪ್ರದರ್ಶನದ ಕೊನೆಯ ದಿನಾಂಕ ಕೇಳಿ. ಒಂದು ಬದಲಿ ಜಾಗವೂ ಕೈಯಲ್ಲಿರಲಿ: ಎಂ.ಜಿ. ರಸ್ತೆ ಮೆಟ್ರೋ ಕೆಳಗಿನ ರಂಗೋಲಿ ಕಲಾ ಕೇಂದ್ರ ಹತ್ತಿರ, ಸುಲಭ.

ಇನ್ನೊಂದು ಸಮಸ್ಯೆ ಬೆಳಗಿನ ಸಮಯ. ಗಾಡಿ ಇಳಿಯುವುದು ಬೆಳಗಾಗುವಾಗ, ಗ್ಯಾಲರಿ ತೆರೆಯುವುದು ಹತ್ತು ಹನ್ನೊಂದಕ್ಕೆ. ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲಿ ಮುಖ ತೊಳೆದು, ಸಾಮಾನು ಕ್ಲೋಕ್ ರೂಮಿನಲ್ಲಿಟ್ಟು, ನಾಷ್ಟಾ ಮುಗಿಸಿ ಹೊರಡಿ. ಕ್ಲೋಕ್ ರೂಮಿನವರು ಬೀಗ ಹಾಕಿದ ಚೀಲವನ್ನೇ ತೆಗೆದುಕೊಳ್ಳುತ್ತಾರೆ, ಪುಟ್ಟ ಬೀಗ ಮರೆಯಬೇಡಿ.

ಚಿತ್ರಸಂತೆಯ ಭಾನುವಾರ ಮಾರ್ಗದರ್ಶಿ ನಡಿಗೆ ಇಟ್ಟುಕೊಳ್ಳಬೇಡಿ. ಜನವರಿಯಲ್ಲಿ ಕುಮಾರಕೃಪಾ ರಸ್ತೆಯುದ್ದಕ್ಕೂ ನಡೆಯುವ ಆ ಸಂತೆಯಲ್ಲಿ ಕೊಳ್ಳಬಹುದು, ಅಲೆಯಬಹುದು. ಹನ್ನೆರಡು ಜನರನ್ನು ಒಟ್ಟಿಗೆ ಹಿಡಿದು ವಿವರಿಸುವುದು ಆಗದ ಕೆಲಸ.

ಕೊಳ್ಳುವ ಮನಸ್ಸಾದರೆ

ಖಾಸಗಿ ಗ್ಯಾಲರಿಯಲ್ಲಿ ಬೆಲೆ ಗೋಡೆಯ ಮೇಲೆ ಇರುವುದಿಲ್ಲ, ಮೇಜಿನ ಹತ್ತಿರ ಪಟ್ಟಿ ಇರುತ್ತದೆ. ಕೇಳಲು ಸಂಕೋಚ ಬೇಡ. ಚೀಟಿಯ ಪಕ್ಕ ಕೆಂಪು ಚುಕ್ಕೆ ಇದ್ದರೆ ಮಾರಾಟವಾಗಿದೆ. ಮಾರ್ಗದರ್ಶಕರಿಗೆ ಆ ಗ್ಯಾಲರಿಯಿಂದ ಕಮಿಷನ್ ಬರುತ್ತದೆಯೇ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ಬಂದರೆ ತಪ್ಪಿಲ್ಲ, ತಿಳಿದಿರಬೇಕು ಅಷ್ಟೇ. ರಸೀದಿಯ ಜೊತೆ ಕೃತಿಯ ಹೆಸರು, ವರ್ಷ, ಅಳತೆ, ಕಲಾವಿದರ ಸಹಿ ಇರುವ ದೃಢೀಕರಣ ಪತ್ರ ಪಡೆಯಿರಿ.

ಕ್ಯಾನ್ವಾಸನ್ನು ಚೌಕಟ್ಟಿನಿಂದ ಬಿಡಿಸಿ ಸುರುಳಿ ಮಾಡಿಸುವಾಗ ಬಣ್ಣದ ಮೈ ಹೊರಗಿರಲಿ. ಒಳಗೆ ಸುತ್ತಿದರೆ ಬಣ್ಣದ ಪದರ ಒತ್ತಿಕೊಂಡು ಸುಕ್ಕುಗಟ್ಟುತ್ತದೆ, ಬಿಚ್ಚಿದಾಗ ಬಿರುಕು ಬಿಡುತ್ತದೆ. ಕೊಳವೆಯ ಬಾಯಿ ಆರು ಇಂಚಿಗಿಂತ ಸಣ್ಣದಿರಬಾರದು. ಬಣ್ಣ ದಪ್ಪಗೆ ಬಳಿದ ಚಿತ್ರವಾದರೆ ಸುತ್ತಲೇಬೇಡಿ, ಪಾರ್ಸೆಲ್ ಮಾಡಿಸಿ. ಗಾಡಿಯಲ್ಲಿ ಕೊಳವೆಯನ್ನು ಸೀಟಿನ ಕೆಳಗೆ ಇಟ್ಟರೆ ಬೇರೆಯವರ ಟ್ರಂಕು ಅದನ್ನು ಅದುಮುತ್ತದೆ. ಮೇಲಿನ ಬರ್ತ್ ಬುಕ್ ಮಾಡಿ, ಗೋಡೆಯ ಬದಿಗೆ ಮಲಗಿಸಿ. ಊರು ಮುಟ್ಟಿದ ದಿನವೇ ಬಿಚ್ಚಿ ಹರಡಿ, ಬಣ್ಣದ ಮೈ ಮೇಲೆ ಬರುವಂತೆ, ಬಿಸಿಲು ಬೀಳದ ಕೋಣೆಯಲ್ಲಿ. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಮುಚ್ಚಿದ ಪ್ಲಾಸ್ಟಿಕ್ ಕೊಳವೆಯಲ್ಲಿ ವಾರಗಟ್ಟಲೆ ಬಿಟ್ಟರೆ ಅಕ್ರಿಲಿಕ್ ಮೆತ್ತಗಾಗಿ ತನಗೆ ತಾನೇ ಅಂಟಿಕೊಳ್ಳುತ್ತದೆ.