ಜ್ವರದ ಮಗು ಮಂಕಾದರೆ: ಮಿದುಳಿನ ತೊಂದರೆಯನ್ನು ಬೇಗ ಗುರುತಿಸುವುದು ಹೇಗೆ?

ಚಿಕ್ಕ ಮಕ್ಕಳಿಗೆ ವೈರಲ್ ಜ್ವರ ಬರುವುದು, ಕೆಲವೇ ದಿನಗಳಲ್ಲಿ ಇಳಿಯುವುದು ಮಾಮೂಲು. ತೀರಾ ಅಪರೂಪಕ್ಕೆ ಅದು ಮಿದುಳಿಗೂ ತೊಂದರೆ ಕೊಡುತ್ತದೆ. ಹರ್ಪಿಸ್‌ನಂಥ ವೈರಸ್ ನೇರವಾಗಿ ಮಿದುಳನ್ನೇ ಹೊಕ್ಕುತ್ತದೆ. ಫ್ಲೂನಲ್ಲಿ ಹೆಚ್ಚಾಗಿ ಹಾಗಲ್ಲ. ವೈರಸ್ ವಿರುದ್ಧ ದೇಹ ನಡೆಸುವ ಹೋರಾಟವೇ ಮಿತಿಮೀರಿ ಮಿದುಳು ಊದಿಕೊಳ್ಳುತ್ತದೆ. ಇದರ ತೀವ್ರ ರೂಪವೊಂದನ್ನು ಜಪಾನಿನ ವೈದ್ಯರು 1995ರಲ್ಲಿ ಪ್ರತ್ಯೇಕ ಕಾಯಿಲೆಯೆಂದು ವಿವರಿಸಿದರು. ಅದರಲ್ಲಿ ಜ್ವರ ಬಂದ ಒಂದೆರಡು ದಿನಕ್ಕೇ ಮಗುವಿನ ಪ್ರಜ್ಞೆ ತಪ್ಪಬಹುದು.

ಮೊದಲ ಕೆಲಸ, ಥರ್ಮಾಮೀಟರ್‌ಗಿಂತ ಜಾಸ್ತಿ ಮಗುವನ್ನು ನೋಡಿ. ಜ್ವರ ಸ್ವಲ್ಪ ಇಳಿದಾಗ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದಾ? ನೀರು, ಹಾಲು ಕುಡಿಯುತ್ತದಾ? ಹಾಗಿದ್ದರೆ ಅಷ್ಟು ಗಾಬರಿ ಬೇಡ. ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ, ಮನೆಯವರ ಗುರುತು ಹಿಡಿಯುತ್ತಿಲ್ಲ, ಏನೇನೋ ಬಡಬಡಿಸುತ್ತಿದೆ, ನಡೆಯುವಾಗ ತೂರಾಡುತ್ತಿದೆ, ಮತ್ತೆ ಮತ್ತೆ ವಾಂತಿ, ಕುತ್ತಿಗೆ ಬಿಗಿತ: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಹಸುಗೂಸಾದರೆ ನೆತ್ತಿ ಉಬ್ಬಿದೆಯಾ ಎಂದೂ ನೋಡಿ. 'ಸುಮ್ನೆ ಸುಸ್ತಾಗಿ ಮಲಗಿದೆ' ಎಂದುಕೊಳ್ಳುವುದರಲ್ಲೇ ಹೊತ್ತು ಕಳೆದುಹೋಗುತ್ತದೆ.

ಫಿಟ್ಸ್ ಬಂದರೆ? ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಿಗೆ ಜ್ವರದಲ್ಲಿ ಫಿಟ್ಸ್ ಬರುವುದುಂಟು. ಹೆಚ್ಚಿನವು ಅಪಾಯವಿಲ್ಲದೆ ನಿಲ್ಲುತ್ತವೆ. ಮಗುವನ್ನು ಪಕ್ಕಕ್ಕೆ ಮಗ್ಗುಲಾಗಿಸಿ ಮಲಗಿಸಿ. ಬಾಯಿಗೆ ಚಮಚವಾಗಲಿ, ನೀರಾಗಲಿ, ಏನೂ ಹಾಕಬೇಡಿ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಿರಿ. ಬೇಗ ನಿಂತರೂ ಮೊದಲ ಸಲದ್ದಾದರೆ ವೈದ್ಯರಿಗೆ ತೋರಿಸಲೇಬೇಕು. ಅದೇ ದಿನ ಮತ್ತೆ ಬಂದರೆ, ದೇಹದ ಒಂದೇ ಕಡೆ ಬಂದರೆ, ನಿಂತ ಮೇಲೂ ಮಂಪರು ಬಿಡದಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ.

ಅಲ್ಲಿ ಜ್ವರ ಯಾವಾಗ ಶುರುವಾಯಿತು, ಮಗು ಯಾವಾಗ ಬದಲಾಯಿತು, ಯಾವ ಔಷಧಿ ಕೊಟ್ಟಿರಿ ಎಂದು ಹೇಳಿ. ಎಂಆರ್‌ಐ ಜೊತೆಗೆ ಬೆನ್ನಿನಿಂದ ನೀರು ತೆಗೆದು ಪರೀಕ್ಷಿಸಬೇಕಾಗಬಹುದು. ಆ ಸೂಜಿಗೆ ಎಷ್ಟೋ ಪೋಷಕರು ಹೆದರುತ್ತಾರೆ. ಹೆದರಿಕೆ ಸಹಜವೇ. ಆದರೆ ಅದನ್ನು ಚುಚ್ಚುವುದು ಬೆನ್ನುಹುರಿ ಮುಗಿದ ಜಾಗದ ಕೆಳಗೆ, ಹುರಿಗೇ ಅಲ್ಲ. ಹರ್ಪಿಸ್ ಅನುಮಾನವಿದ್ದರೆ ವರದಿಗೆ ಕಾಯದೆ ಆ ವೈರಸ್ ವಿರುದ್ಧದ ಔಷಧಿ ಅಸೈಕ್ಲೋವಿರ್ ಶುರುಮಾಡುತ್ತಾರೆ. ಇಲ್ಲಿ ಒಂದೊಂದು ಗಂಟೆಯೂ ಮುಖ್ಯ.

ವೈರಲ್ ಜ್ವರದ ಮಗುವಿಗೆ ನೀವಾಗಿಯೇ ಆಸ್ಪಿರಿನ್ ಕೊಡಬೇಡಿ. ಮಿದುಳು, ಲಿವರ್ ಎರಡಕ್ಕೂ ಪೆಟ್ಟು ಕೊಡುವ ರೇ ಸಿಂಡ್ರೋಮ್‌ಗೆ ಅದು ದಾರಿಯಾಗಬಹುದು. ದಡಾರದ ಲಸಿಕೆ ತಪ್ಪಿಸಬೇಡಿ. ದಡಾರ ಬಂದ ಸುಮಾರು 1,000 ಮಕ್ಕಳಲ್ಲಿ ಒಬ್ಬರಿಗೆ ಮಿದುಳಿನ ಉರಿಯೂತ ಆಗುತ್ತದೆ. ಫ್ಲೂ ಲಸಿಕೆ ಬಗ್ಗೆಯೂ ಮಕ್ಕಳ ವೈದ್ಯರನ್ನು ಕೇಳಿ.