ಎಸಾಕಿ ಡಯೋಡ್‌ನ ಇಳಿಯುವ ಕರೆಂಟನ್ನು ಅಳೆಯುವುದು ಹೇಗೆ

1957ರಲ್ಲಿ ಟೋಕಿಯೊ ತ್ಸೂಶಿನ್ ಕೋಗ್ಯೊ (ಮುಂದೆ ಸೋನಿ) ಕಂಪನಿಯಲ್ಲಿದ್ದ ಲಿಯೊ ಎಸಾಕಿ, ಜರ್ಮೇನಿಯಂಗೆ ವಿಪರೀತ ಕಲ್ಮಶ ಸೇರಿಸಿದಾಗ ವೋಲ್ಟೇಜ್ ಏರಿದರೂ ಕರೆಂಟ್ ಇಳಿಯುವುದನ್ನು ಕಂಡರು. ಡಯೋಡ್‌ನ ಎರಡು ಭಾಗಗಳು ಸೇರುವ ಸಂಧಿಯ ತಡೆಗೋಡೆ ಅಷ್ಟು ತೆಳುವಾದಾಗ ಎಲೆಕ್ಟ್ರಾನ್‌ಗಳು ಅದನ್ನು ಹಾದುಹೋಗುತ್ತವೆ. 1973ರ ನೊಬೆಲ್ ಬಂದದ್ದು ಇದಕ್ಕೇ. ಇಷ್ಟು ದೊಡ್ಡ ಕ್ವಾಂಟಂ ಸತ್ಯ ಮೇಜಿನ ಮೇಲೇ ಕಾಣುತ್ತದೆ ಎಂಬುದು ನಿಜಕ್ಕೂ ಸೊಗಸು.

ಬೇಕಾದದ್ದು: 1ಎನ್3712 ಎಸಾಕಿ (ಟನಲ್) ಡಯೋಡ್, 0–6 ವೋಲ್ಟ್ ಸಪ್ಲೈ, ಅರ್ಧ ವ್ಯಾಟ್‌ನ 100 ಓಮ್ ರೆಸಿಸ್ಟರ್, ಎರಡು 10 ಓಮ್, ಒಂದು 47 ಓಮ್.

100 ಮತ್ತು 10 ಓಮ್‌ಗಳನ್ನು ಸರಣಿಯಲ್ಲಿ ಸಪ್ಲೈಗೆ ಜೋಡಿಸಿ. ಈ 10 ಓಮ್‌ನ ಎರಡು ತುದಿಗಳ ನಡುವೆ ಡಯೋಡ್ ಮತ್ತು ಇನ್ನೊಂದು 10 ಓಮ್‌ನ ಸರಣಿ ಬರಲಿ. ಎರಡನೆಯದರ ಮೇಲಿನ ಪ್ರತಿ 10 ಮಿಲಿವೋಲ್ಟ್ ಎಂದರೆ 1 ಮಿಲಿಆಂಪಿಯರ್. 47 ಓಮ್ ಡಯೋಡ್‌ನ ಬುಡಕ್ಕೇ, ಅದಕ್ಕೆ ಸಮಾಂತರವಾಗಿ ಇರಬೇಕು. ಇದನ್ನು ಬಿಟ್ಟರೆ ತಂತಿಯ ಇಂಡಕ್ಟನ್ಸ್ ಸಾಕು, ಸರ್ಕ್ಯೂಟ್ ಆಸಿಲೇಟ್ ಆಗಿ ಮೀಟರ್ ಸುಳ್ಳು ಹೇಳುತ್ತದೆ.

ಮೊದಲು ಡಯೋಡ್ ಇಲ್ಲದೆ, ಆಮೇಲೆ ಹಾಕಿ, 47 ಓಮ್‌ನ ಮೇಲಿನ ವೋಲ್ಟೇಜ್ ಎರಡೂ ಸಲ ಒಂದೇ ಇರುವಂತೆ ಕರೆಂಟ್ ಅಳೆದು, ಎರಡನೆಯದರಿಂದ ಮೊದಲನೆಯದನ್ನು ಕಳೆಯಿರಿ. ಸುಮಾರು 65 ಮಿಲಿವೋಲ್ಟ್‌ನಲ್ಲಿ 1 ಮಿಲಿಆಂಪಿಯರ್ ಶಿಖರ, 350ರ ಹತ್ತಿರ 0.12ರ ಕಣಿವೆ (ಕರೆಂಟ್ ಇಳಿದು ತಳ ಮುಟ್ಟುವ ಜಾಗ) ಸಿಗಬೇಕು. ಕಣಿವೆ ಋಣಾತ್ಮಕವಾಗಿ ಬಂದರೆ ತಪ್ಪು ಕಳೆಯುವಿಕೆಯಲ್ಲಿದೆ. ಅಲ್ಲಿ 47 ಓಮ್‌ನಲ್ಲೇ 7 ಮಿಲಿಆಂಪಿಯರ್‌ಗಿಂತ ಹೆಚ್ಚು ಹರಿಯುತ್ತಿರುತ್ತದೆ. ಶಿಖರವೇ ಕಾಣದಿದ್ದರೆ ಡಯೋಡ್ ತಿರುಗಿಸಿ ಹಾಕಿ.

ಹಳೆಯ ಮುಳ್ಳಿನ ಮೀಟರ್‌ನ ಓಮ್ ರೇಂಜ್‌ನಲ್ಲಿ ಪರೀಕ್ಷಿಸಬೇಡಿ, ಡಯೋಡ್ ಸುಟ್ಟೀತು. ಬೆಸೆಯುವಾಗ ಬಿಸಿ ಒಳಗೆ ಹೋಗದಂತೆ ಡಯೋಡ್‌ನ ಕಾಲನ್ನು ಇಕ್ಕಳದಲ್ಲಿ ಹಿಡಿಯಿರಿ.