ಮನೆಯ ಏರಿಗೆ ತಕ್ಕ ಗೇರು

ನಮ್ಮ ಮನೆ ಬದಿಯಡ್ಕದಿಂದ ಒಳಗೆ, ಅಡಕೆ ತೋಟದ ಬುಡದಲ್ಲಿದೆ. ಡಾಮರು ರಸ್ತೆ ಹೋಗುವುದು ಗುಡ್ಡೆಯ ಮೇಲೆ. ಅಲ್ಲಿಂದ ಅಂಗಳಕ್ಕೆ ಮುರಕಲ್ಲು ಕಡಿದು ಮಾಡಿದ ದಾರಿ, ನಡುವೆ ಒಂದು ಗಟ್ಟಿ ತಿರುವು. ಆಟಿ ತಿಂಗಳಲ್ಲಿ ಪಾಚಿ ಹಿಡಿದರೆ ನಡೆಯುವವರೂ ಕೊಡೆ ಊರಿಕೊಂಡು ಇಳಿಯಬೇಕು. ಎಡ ಮೊಣಕಾಲಿನ ಆಪರೇಷನ್ ಆದ ಮೇಲೆ ಕ್ಲಚ್ ತುಳಿಯಲು ಆಗದೆ ನಾನು ಆಟೋಮ್ಯಾಟಿಕ್ ಹುಡುಕಲು ಹೊರಟೆ.

ಮೊದಲು ತಂದದ್ದು ಎಎಂಟಿ ಇರುವ ಸಣ್ಣ ಕಾರು, ಸೆಕೆಂಡ್ ಹ್ಯಾಂಡ್. ಎಎಂಟಿ ಅಂದರೆ ಮಾಮೂಲಿ ಮ್ಯಾನುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವುದು, ಗೇರು ಬದಲಿಸುವುದು ಮಾತ್ರ ನಮ್ಮ ಕೈಕಾಲಿನ ಬದಲು ಆಕ್ಚುಯೇಟರ್ ಎಂಬ ಯಂತ್ರದ ಕೆಲಸ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಇದು ಬಂದ ಮೇಲೆಯೇ ನಮ್ಮಂಥವರ ಕೈಗೆ ಆಟೋಮ್ಯಾಟಿಕ್ ಎಟುಕಿತು. ಕುಂಬಳೆಗೆ, ಕಾಸರಗೋಡಿಗೆ ಹೋಗಿಬರಲು ಹಾಯಾಗಿತ್ತು. ಒಂದೂವರೆ ವರ್ಷಕ್ಕೆ ಕ್ಲಚ್ ಸುಟ್ಟಿತು.

ಮೆಕ್ಯಾನಿಕ್ ಬಿಚ್ಚಿ ನೋಡಿ ಒಂದೇ ಪ್ರಶ್ನೆ ಕೇಳಿದ: "ಅಣ್ಣ, ಏರಿನಲ್ಲಿ ನಿಲ್ಲಿಸುವಾಗ ಬ್ರೇಕ್ ಹಿಡಿಯುತ್ತೀರಾ, ಆಕ್ಸಿಲರೇಟರಿನಲ್ಲೇ ನಿಲ್ಲಿಸುತ್ತೀರಾ?"

ತಿರುವಿನಲ್ಲಿ ಕೆಲಸದವರು ಅಡಕೆ ಹೊತ್ತು ಬರುತ್ತಿದ್ದರೆ ನಾನು ಆಕ್ಸಿಲರೇಟರ್ ಒತ್ತಿಕೊಂಡೇ ಕಾರನ್ನು ನಿಲ್ಲಿಸುತ್ತಿದ್ದೆ. ಆಗ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ; ಉಜ್ಜಿಕೊಂಡೇ ಇರುತ್ತದೆ. ತಪ್ಪು ನನ್ನದೇ. ಎಎಂಟಿ ಇರುವವರು ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆಯಿರಿ, ಮ್ಯಾನುವಲ್ ಮೋಡಿನಲ್ಲಿ ಒಂದನೇ ಗೇರಿಗೆ ಹಾಕಿ, ಒಂದೇ ಉಸಿರಿಗೆ ಹತ್ತಿಸಿ. ಹೊಸ ಕ್ಲಚ್ ಹಾಕಿಸಿ ಹಾಗೆ ಓಡಿಸಿದ ಮೇಲೆ ಮತ್ತೆ ತೊಂದರೆ ಬರಲಿಲ್ಲ. ಆದರೂ ದಿನಕ್ಕೆ ನಾಲ್ಕು ಸಲ ಆ ಏರು, ಅದೂ ಮಳೆಗಾಲದಲ್ಲಿ ರಿವರ್ಸ್! ಅದಕ್ಕೆ ಎಎಂಟಿ ಸರಿಯಲ್ಲ ಎಂದು ನನಗೆ ಖಚಿತವಾಯಿತು.

ಆಟೋಮ್ಯಾಟಿಕ್‌ನಲ್ಲಿ ಬೇರೆ ಬಗೆಗಳೂ ಇವೆ. ಟಾರ್ಕ್ ಕನ್ವರ್ಟರ್ ಎಂಬುದರಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದು ಎಣ್ಣೆ. ಒಂದು ಚಕ್ರ ಎಣ್ಣೆಯನ್ನು ಚಿಮ್ಮಿಸುತ್ತದೆ, ಆ ಎಣ್ಣೆ ಇನ್ನೊಂದನ್ನು ತಿರುಗಿಸುತ್ತದೆ. ನಿಧಾನಕ್ಕೆ ಹತ್ತುವಾಗ ಜಾರುವುದು ಎಣ್ಣೆ, ಕ್ಲಚ್ ಪ್ಲೇಟ್ ಅಲ್ಲ; ಆ ಬಿಸಿಯನ್ನು ಕೂಲರ್ ಹೊರಹಾಕುತ್ತದೆ. ಹೊರಡುವ ಗಳಿಗೆಯಲ್ಲಿ ಎಳೆತವೂ ಹೆಚ್ಚು ಸಿಗುತ್ತದೆ. ಗೇರಿನ ಮೆಟ್ಟಿಲುಗಳ ಬದಲು ಬೆಲ್ಟಿನಲ್ಲಿ ನಡೆಯುವ ಸಿವಿಟಿಯನ್ನೂ ಓಡಿಸಿ ನೋಡಿದೆ. ಹೆದ್ದಾರಿಯಲ್ಲಿ ಬೆಣ್ಣೆಯ ಹಾಗೆ, ಆದರೆ ನಮ್ಮ ಏರಿನಲ್ಲಿ ಎಂಜಿನ್ನು ಬೊಬ್ಬೆ ಹೊಡೆದಷ್ಟು ಕಾರು ಮುಂದೆ ಹೋಗಲಿಲ್ಲ. ಎಣ್ಣೆಯಲ್ಲಿ ಮುಳುಗದ ಡ್ರೈ ಕ್ಲಚ್ ಎರಡಿರುವ ಡಿಸಿಟಿಯೂ ತೆವಳುವಾಗ ಬಿಸಿಯಾಗುವಂಥದ್ದೇ, ಹಾಗಾಗಿ ಅದರ ಕಡೆ ಹೋಗಲಿಲ್ಲ.

ಕೊನೆಗೆ ಪುತ್ತೂರಿನಲ್ಲಿ 2019ರ ಎರ್ಟಿಗಾ ಸಿಕ್ಕಿತು, 4 ಗೇರಿನ ಟಾರ್ಕ್ ಕನ್ವರ್ಟರಿನದು. ನಾಲ್ಕೇ ಗೇರು ಹಳೆಯ ಕಾಲದ್ದು ಎಂದು ಕಾರಿನ ಹುಚ್ಚಿರುವ ಗೆಳೆಯರು ಮೂಗು ಮುರಿದರು. ಅದು ತಪ್ಪು ಲೆಕ್ಕ. ಕಡಿಮೆ ಗೇರು, ಸರಳ ಯಂತ್ರ, ರಿಪೇರಿ ಗೊತ್ತಿರುವವರು ಊರೂರಲ್ಲಿ. ಮೈಲೇಜು ತುಸು ಕಡಿಮೆ, ಅದನ್ನು ಒಪ್ಪುತ್ತೇನೆ.

ಬೆಳಿಗ್ಗೆ ಏಳಕ್ಕೆ ಹೋಗಿ ಮೊದಲು ಬಾನೆಟ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಬಿಸಿ ಎಂಜಿನ್ನು ಎಷ್ಟೋ ಕಾಯಿಲೆಗಳನ್ನು ಮುಚ್ಚಿಡುತ್ತದೆ. ಬ್ರೇಕ್ ತುಳಿದು ಡಿ (ಮುಂದಕ್ಕೆ), ಆರ್ (ರಿವರ್ಸ್) ಹಾಕಿದೆ: ತಡವಿಲ್ಲ, ಬಡಿತವಿಲ್ಲ. ಕಾರಿನ ಕಂಪ್ಯೂಟರ್ ಗುರುತು ಹಾಕಿಟ್ಟ ದೋಷಗಳನ್ನು ಓದುವ ಒಬಿಡಿ ಸ್ಕ್ಯಾನರನ್ನು ನಾನು ಜೇಬಿನಲ್ಲೇ ಇಟ್ಟುಕೊಳ್ಳುತ್ತೇನೆ. ಅದರಲ್ಲಿ ಎರರ್ ಕೋಡ್ ಇಲ್ಲದಿದ್ದರೆ ಸಾಲದು, ಕಾರಿನ ಸ್ವಯಂ ಪರೀಕ್ಷೆಗಳು ಮುಗಿದಿವೆಯೇ ಎಂದು ಹೇಳುವ ರೆಡಿನೆಸ್ ಮಾನಿಟರುಗಳನ್ನೂ ನೋಡಬೇಕು. ಯಾರಾದರೂ ಹಿಂದಿನ ದಿನ ಕೋಡ್ ಅಳಿಸಿದ್ದರೆ ಅವು ಅಪೂರ್ಣ ಎಂದು ತೋರಿಸುತ್ತವೆ. ಇನ್ಶೂರೆನ್ಸಿನಲ್ಲಿ ನೋ ಕ್ಲೈಮ್ ಬೋನಸ್ 50% ಇತ್ತು. ಐದು ವರ್ಷ ಕ್ಲೈಮ್ ಮಾಡದವರಿಗೆ ಸಿಗುವುದು ಅಷ್ಟು. ಟೈರಿನ ಬದಿಯಲ್ಲಿ ಅಚ್ಚಾದ ಡಾಟ್ (DOT) ಕೋಡಿನ ಕೊನೆಯ ನಾಲ್ಕು ಅಂಕೆ ನೋಡಿ ತಯಾರಾದ ವಾರ, ವರ್ಷ ಗುರುತು ಮಾಡಿಕೊಂಡೆ. ಸೀಟ್ ಬೆಲ್ಟನ್ನು ಬುಡದವರೆಗೆ ಎಳೆದು ನೆರೆನೀರಿನ ಕೆಸರು ಇಲ್ಲವೆಂದು ಖಾತ್ರಿ ಮಾಡಿಕೊಂಡೆ.

ಆಮೇಲೆ ಮಾಲಿಕರಿಗೆ ಹೇಳಿದೆ, "ಮಾಷ್ಟ್ರೇ, ಒಮ್ಮೆ ನಮ್ಮ ಮನೆಗೆ ಬನ್ನಿ, ಏರು ಹತ್ತಿಸಿ ನೋಡಬೇಕು." ಇದಕ್ಕೆ ಮೊದಲು ಇಬ್ಬರು ಆಗದು ಎಂದಿದ್ದರು. ಇವರು ಬಂದರು. ವಿಟ್ಲ, ಅಡ್ಕಸ್ಥಳ, ಪೆರ್ಲದ ದಾರಿಯಾಗಿ ಬಂದು ಅಂಗಳಕ್ಕೆ ಇಳಿದೆವು. ಮೂರು ಸಲ ಹತ್ತಿಸಿದೆ, ತಿರುವಿನಲ್ಲಿ ಬೇಕೆಂದೇ ನಿಲ್ಲಿಸಿದೆ, ಅಲ್ಲಿಂದಲೇ ರಿವರ್ಸ್ ಹತ್ತಿಸಿದೆ. ಗೇರು ಜಾರಲಿಲ್ಲ, ಸುಟ್ಟ ವಾಸನೆ ಬರಲಿಲ್ಲ. ಮಧ್ಯಾಹ್ನದ ಊಟಕ್ಕೆ ಮೊದಲೇ ವ್ಯಾಪಾರ ಮುಗಿಯಿತು.

ಕಾಗದಪತ್ರಕ್ಕೆ ಮಾತ್ರ ಓಡಾಟ ಇದೆ. ಕರ್ನಾಟಕದ ಪುತ್ತೂರಿನ ಕೆಎ-21 ನಂಬರಿನ ಗಾಡಿ ಕೇರಳದ ಕಾಸರಗೋಡಿನ ಕೆಎಲ್-14 ಆಗಬೇಕಾದರೆ ಪುತ್ತೂರಿನ ಆರ್‌ಟಿಒದಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು ಇಲ್ಲಿ ಉಳಿದ ಅವಧಿಯ ತೆರಿಗೆ ಕಟ್ಟಬೇಕು. ಆ ಮೊತ್ತವನ್ನು ಚೌಕಾಸಿಗೆ ಕೂರುವ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕಾರು ಬಂದ ವಾರವೇ ಗೇರ್‌ಬಾಕ್ಸಿನ ಎಣ್ಣೆ ಬದಲಿಸಿದೆ. ಕೆಂಪಗಿರಬೇಕಾದದ್ದು ಕಂದಾಗಿತ್ತು. ಈಗ ಇಳಿಯುವಾಗ ಮೇಲಿನಿಂದಲೇ ಎಲ್‌ಗೆ, ಅಂದರೆ ಕೆಳಗಿನ ಗೇರಿಗೆ ಹಾಕುತ್ತೇನೆ. ಎಂಜಿನ್ನೇ ಹಿಡಿದುಕೊಳ್ಳುವುದರಿಂದ ಪಾಚಿಯ ಮೇಲೆ ಬ್ರೇಕನ್ನು ಬರೀ ಸವರಿದರೆ ಸಾಕು.